ಒಂದು ಕೈ, ಎರಡು ಕೀಲಿಮಣೆ

ನಮ್ಮ ಮನೆಯ ಗೋಡೆಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಪಂಚಾಂಗಗಳ ಸಂಗಡ, ಎರಡು ಫೋನುಗಳು ಬಹಳ ಕಾಲದಿಂದ ಮಲಗಿದ್ದವು. ಒಂದು ನೋಕಿಯಾ ಇ63. ಚಿಕ್ಕಪ್ಪನವರು ಉಪಯೋಗಿಸಿ ಬಿಟ್ಟದ್ದು. ಮತ್ತೊಂದು ಬ್ಲ್ಯಾಕ್‌ಬೆರಿ ಕರ್ವ್ 8520. ಅಕ್ಕ ಓದುತ್ತಿದ್ದಾಗ ಹಟಹಿಡಿದು ಕೊಂಡದ್ದು. ಎರಡಕ್ಕೂ ಮೈತುಂಬ ಅಕ್ಷರದ ಗುಂಡಿಗಳು. ಮನೆಗೆ ಸುಣ್ಣ ಹೊಡೆಯುವಾಗಲೆಲ್ಲ ಅಮ್ಮ ಅವನ್ನು ಹೊರಗೆ ತೆಗೆದು, “ಇವನ್ನು ಎಸೆದುಬಿಡಲೇ?” ಎಂದು ಕೇಳುವಳು, ಯಾರೂ ಹೂಂ ಎನ್ನದಿದ್ದುದರಿಂದ ಮತ್ತೆ ಒಳಗಿಡುವಳು. ಅವುಗಳ ಗುಣದೋಷಗಳನ್ನು ತೂಗಿ ನೋಡುವ ಕೆಲಸ ಒಂದು ದಿನ ನನ್ನ ಪಾಲಿಗೆ ಬರುವುದೆಂದು ನಾನು ಎಣಿಸಿರಲಿಲ್ಲ.

2023ರ ಮಳೆಗಾಲದಲ್ಲಿ ತಂದೆಯವರಿಗೆ ಪಾರ್ಶ್ವವಾಯು ತಗುಲಿತು. ಜೀವಕ್ಕೆ ಅಪಾಯವಾಗಲಿಲ್ಲ, ಕಾಲೆಳೆದುಕೊಂಡಾದರೂ ನಡೆದಾಡುವಷ್ಟಕ್ಕೆ ಬಂದರು. ಬಲಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಮಾತು ತೊದಲಾಯಿತು. ಎದುರಿಗಿದ್ದು ಮುಖ ನೋಡುವವರಿಗೆ ತಿಳಿಯುತ್ತದೆ, ಫೋನಿನಲ್ಲಿ ಕೇಳುವವರಿಗೆ ತಿಳಿಯದು. ನಾನೋ ಇಲ್ಲಿ ವಿದ್ಯಾರ್ಥಿನಿಲಯದಲ್ಲಿ. ರಾತ್ರಿ ಅವರು ಫೋನು ಮಾಡಿ ಏನನ್ನೋ ಹೇಳುವರು. ನಾನು ಅರ್ಥವಾದವನಂತೆ “ಆಗಲಿ” ಎನ್ನುವೆನು. ನನಗೆ ಅರ್ಥವಾಗಿಲ್ಲವೆಂದು ಅವರಿಗೆ ಗೊತ್ತಾಗುವುದು. ಹೀಗೆ ಒಂದು ತಿಂಗಳು ನಡೆದ ಮೇಲೆ ಅವರು ಫೋನು ಮಾಡುವುದನ್ನೇ ಬಿಟ್ಟರು.

ಬರೆದು ಕಳಿಸಬಹುದಲ್ಲ ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡೆವು. ಆದರೆ ಈಗಿನ ಗಾಜಿನ ಫೋನು ಅವರ ಎಡಗೈಗೆ ಒಗ್ಗಲಿಲ್ಲ. ಬೆರಳು ಸ್ವಲ್ಪ ನಡುಗಿದರೂ ಬೇಡದ ಅಕ್ಷರ ಬೀಳುವುದು. ಒತ್ತಿತೋ ಇಲ್ಲವೋ ಎಂಬುದು ಬೆರಳಿಗೆ ತಿಳಿಯುವುದೇ ಇಲ್ಲ. ಹನ್ನೆರಡು ಗುಂಡಿಯ ಸಾದಾ ಫೋನು ತಂದುಕೊಟ್ಟೆವು. ಅದರಲ್ಲಿ ‘ಸಿ’ ಬೇಕಾದರೆ ಮೂರು ಸಲ, ‘ಎಸ್’ ಬೇಕಾದರೆ ನಾಲ್ಕು ಸಲ ಒಂದೇ ಗುಂಡಿಯನ್ನು ಒತ್ತಬೇಕು. ತಂದೆಯವರು ಎರಡು ಪದ ಬರೆದು ಅದನ್ನು ಮಂಚದ ಮೇಲಿಟ್ಟರು. “ಇದು ಟೈಪ್ ಮಾಡುವುದಲ್ಲ, ಬಾಗಿಲು ತಟ್ಟುವುದು” ಎಂದರು. ಅವರು ಇಪ್ಪತ್ತೆಂಟು ವರ್ಷ ಕಚೇರಿಯಲ್ಲಿ ಟೈಪಿಸ್ಟರಾಗಿದ್ದವರು ಎಂಬುದನ್ನು ನಾನು ಮೊದಲೇ ಹೇಳಬೇಕಾಗಿತ್ತು.

ಬೀರುವಿನ ಕೆಳಗಿನ ಅರೆ ನೆನಪಾದದ್ದು ಆಗಲೇ.

ಎರಡು ಫೋನುಗಳನ್ನೂ ಅವರ ಮುಂದೆ ಮೇಜಿನ ಮೇಲಿಟ್ಟೆ. ಅವರು ಏನೂ ಹೇಳಲಿಲ್ಲ. ಎಡಗೈ ತಾನಾಗಿ ಹೋಗಿ ‘ಎ ಎಸ್ ಡಿ ಎಫ್’ ಸಾಲಿನ ಮೇಲೆ ಕುಳಿತಿತು. ಶೋಲ್ಸ್ ಎಂಬ ಅಮೆರಿಕದವನು 1870ರ ದಶಕದಲ್ಲಿ ಬೆರಳಚ್ಚು ಯಂತ್ರಕ್ಕೆ ರೂಢಿಗೆ ತಂದ ಅಕ್ಷರಕ್ರಮವೇ ಈ ಅಂಗೈಯಗಲದ ವಸ್ತುಗಳಲ್ಲೂ ಇದೆ. ಸ್ವಲ್ಪ ಹೊತ್ತು ನೋಡಿ ತಂದೆಯವರು, “ಇಪ್ಪತ್ತಾರರಲ್ಲಿ ಹದಿನೈದು ಎಡಗೈಯವು. ಹನ್ನೊಂದು ಮಾತ್ರ ಹೋಗಿವೆ” ಎಂದರು. ನಾನು ಎಣಿಸಿ ನೋಡಿದೆ, ಲೆಕ್ಕ ಸರಿಯಾಗಿತ್ತು. ಕನ್ನಡ ಬರೆಯುವವರಿಗೆ ಅತಿಯಾಗಿ ಬೇಕಾಗುವ ‘ಎ’ ಕೂಡ ಎಡಗಡೆಯೇ ಇದೆ.

ಇನ್ನು ಯಾವುದು ಮೇಲು ಎಂಬ ಪ್ರಶ್ನೆ. ಇ63 ಹೊರಬಂದದ್ದು 2008ರಲ್ಲಿ. ಕರ್ವ್ 8520 ಮರುವರ್ಷ, 2009ರಲ್ಲಿ. ಎರಡರ ಕ್ಯಾಮರಾವೂ ಎರಡು ಮೆಗಾಪಿಕ್ಸೆಲಿನದೇ. ಎರಡರ ಪರದೆಯೂ 320ಕ್ಕೆ 240 ಚುಕ್ಕೆಗಳದೇ. ತೂಕದಲ್ಲಿ ನೋಕಿಯಾ 126 ಗ್ರಾಂ, ಬ್ಲ್ಯಾಕ್‌ಬೆರಿ 106. ಇ63ಗೆ 3ಜಿ ಉಂಟು, ಕರ್ವ್‌ಗೆ ಇಲ್ಲ. ಆ ಕಾಲದ ಜಾಹೀರಾತುಗಳು ಹೊಗಳಿಕೊಳ್ಳುತ್ತಿದ್ದ ಉಳಿದ ಸಂಗತಿಗಳಿಂದ ನಮಗೆ ಆಗಬೇಕಾದದ್ದೇನೂ ಇರಲಿಲ್ಲ.

ಅಕ್ಷರ ಒತ್ತುವ ಸುಖ ಕರ್ವ್‌ನದೇ ಹೆಚ್ಚು. ಅದರ ಗುಂಡಿಗಳು ಒಂದಕ್ಕೊಂದು ತಾಗದೆ, ನಡುವೆ ಸಂದು ಬಿಟ್ಟು ನಿಂತಿವೆ. ಬೆರಳು ಎಲ್ಲಿದೆಯೆಂಬುದು ಕಣ್ಣಿಲ್ಲದೆಯೂ ತಿಳಿಯುತ್ತದೆ. ಇ63ರ ಗುಂಡಿಗಳು ಜೋಳದ ತೆನೆಯ ಕಾಳಿನಂತೆ ಒತ್ತೊತ್ತಾಗಿವೆ. ಅಂಕಿಗಳ ವಿಷಯದಲ್ಲೂ ಕರ್ವ್ ನಮಗೆ ಅನುಕೂಲ. ನೋಕಿಯಾದವರು ಒಂದು ಎರಡು ಮೂರನ್ನು ‘ಆರ್ ಟಿ ವೈ’ ಮೇಲೆ, ಅಂದರೆ ಮಣೆಯ ನಡುವೆ ಕೂರಿಸಿದ್ದಾರೆ. ಬ್ಲ್ಯಾಕ್‌ಬೆರಿಯವರು ‘ಡಬ್ಲ್ಯು ಇ ಆರ್’ ಮೇಲೆ, ಪೂರ್ತಿ ಎಡಕ್ಕೆ. ಎಡಗೈ ಒಂದೇ ಉಳಿದವರಿಗೆ ಎಂದೇ ಮಾಡಿದಂತಿದೆ. ಒಂದು ಅಕ್ಷರವನ್ನು ಒತ್ತಿ ಹಿಡಿದರೆ ಅದಕ್ಕೆ ಗೊತ್ತುಮಾಡಿದ ನಂಬರಿಗೆ ಕರೆ ಹೋಗುವ ಏರ್ಪಾಟೂ ಅದರಲ್ಲಿದೆ. ನಾಲ್ಕು ಅಕ್ಷರ ಬರೆದರೆ ಪೂರ್ತಿ ವಾಕ್ಯ ಮೂಡುವಂತೆಯೂ ಮಾಡಬಹುದು. ನಾನು ಉತ್ಸಾಹದಿಂದ ಅಂಥ ಹತ್ತು ವಾಕ್ಯಗಳನ್ನು ಸಿದ್ಧಮಾಡಿಟ್ಟೆ. ತಂದೆಯವರು ಒಪ್ಪಲಿಲ್ಲ. ಟೈಪಿಸ್ಟನಿಗೆ ಅಡ್ಡದಾರಿ ಇಲ್ಲವಂತೆ.

ಇಷ್ಟೆಲ್ಲ ಇದ್ದೂ ಕರ್ವ್ ಸೋತದ್ದು ಅದು ಬಹು ಹೆಮ್ಮೆಯಿಂದ ಧರಿಸಿದ್ದ ಹೊಸತನದಲ್ಲಿ. ಮೊದಲಿನ ಬ್ಲ್ಯಾಕ್‌ಬೆರಿಗಳಲ್ಲಿ ತಿರುಗುವ ಪುಟ್ಟ ಗುಂಡು ಇರುತ್ತಿತ್ತು. ಅದನ್ನು ತೆಗೆದು, ಬೆರಳು ಸವರಿದರೆ ಸಾಕು ಎನ್ನುವ ಚೌಕವನ್ನು ಮೊದಲು ಇಟ್ಟದ್ದು ಈ 8520ರಲ್ಲಿಯೇ. ಗಟ್ಟಿ ಕೈಗೆ ಅದು ಬೆಣ್ಣೆಯಂತೆ. ನಡುಗುವ ಕೈಗೆ ಹಾಗಲ್ಲ. ತಂದೆಯವರು ಒಂದು ಹೆಸರಿನ ಮೇಲೆ ನಿಲ್ಲಬೇಕೆಂದರೆ ಗುರುತು ಮೂರು ಹೆಸರು ದಾಟಿ ಹೋಗುವುದು. ಹಿಂದಕ್ಕೆ ತರಲು ಹೋದರೆ ನಾಲ್ಕು ಹೆಸರು ಮೇಲೇರುವುದು. ಒಮ್ಮೆ ಅಮ್ಮನ ತಂಗಿಗೆ ಹೋಗಬೇಕಾದ ಸಂದೇಶ ಗ್ಯಾಸ್ ತರುವ ಹುಡುಗನಿಗೆ ಹೋಯಿತು. ಇ63ರಲ್ಲಿ ಇರುವುದು ಹಳೆಯ ಮಾದರಿಯ ಒತ್ತುಗುಂಡಿ. ಒಂದು ಒತ್ತಿಗೆ ಒಂದೇ ಹೆಜ್ಜೆ. ನಡುಕವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಚಾರ್ಜು ಮಾಡುವುದರಲ್ಲಿಯೂ ಒಂದು ಸೂಕ್ಷ್ಮವುಂಟು; ಎರಡು ಕೈ ಇರುವ ನಮಗೆ ಅದು ಹೊಳೆಯುವುದಿಲ್ಲ. ಕರ್ವ್‌ನ ಚಾರ್ಜರಿನ ತುದಿಗೆ ಮೇಲು ಕೆಳಗು ಇದೆ. ನೋಕಿಯಾದ್ದು ದುಂಡನೆಯ ಸಣ್ಣ ಕಡ್ಡಿ, ಹೇಗೆ ತೂರಿಸಿದರೂ ಹೋಗುತ್ತದೆ. ಫೋನನ್ನು ಮೊಣಕಾಲುಗಳ ನಡುವೆ ಹಿಡಿದು, ಎಡಗೈಯಿಂದ ಆ ಕಡ್ಡಿಯನ್ನು ಸಿಕ್ಕಿಸುವುದನ್ನು ತಂದೆಯವರು ಎರಡೇ ದಿನದಲ್ಲಿ ಕಲಿತರು. ಮತ್ತೆ ಆ ದೀಪ! ಇ63ರಲ್ಲಿ ಪದಗಳ ನಡುವೆ ಜಾಗ ಬಿಡುವ ಉದ್ದ ಗುಂಡಿಯನ್ನು ಒತ್ತಿ ಹಿಡಿದರೆ ಹಿಂಬದಿಯ ದೀಪ ಹೊತ್ತಿಕೊಳ್ಳುತ್ತದೆ. ಕರ್ವ್‌ಗೆ ದೀಪವೇ ಇಲ್ಲ. ಕರೆಂಟು ಹೋದ ರಾತ್ರಿ ಬಚ್ಚಲಿಗೆ ಹೋಗಬೇಕಾದವರ ಪಾಲಿಗೆ ಇದು ಸಣ್ಣ ವಿಷಯವಲ್ಲ.

ಕರ್ವ್‌ನ ಕಡೆಗೆ ಮಾತಾಡಲು ಅಕ್ಕ ಬೆಂಗಳೂರಿನಿಂದ ಬಂದಳು. ತನ್ನ ಕಾಲದಲ್ಲಿ ಬ್ಲ್ಯಾಕ್‌ಬೆರಿ ಮೆಸೆಂಜರಿನಲ್ಲಿ ಎಂಟಕ್ಷರದ ಗುರುತು ಕೊಟ್ಟು ಗೆಳತಿಯರಾಗುತ್ತಿದ್ದುದು, ಸಂದೇಶ ತಲಪಿದರೆ ‘ಡಿ’, ಓದಿದರೆ ‘ಆರ್’ ಎಂದು ಮೂಡುತ್ತಿದ್ದುದು, ಆ ‘ಆರ್’ ಮೂಡಿಯೂ ಉತ್ತರ ಬಾರದಿದ್ದರೆ ಆಗುತ್ತಿದ್ದ ಜಗಳ, ಎಲ್ಲವನ್ನೂ ವರ್ಣಿಸಿದಳು. ಪಾಪ, ಅದೆಲ್ಲ ಈಗ ಪುರಾಣ. ಆ ಮೆಸೆಂಜರು ಸಾರ್ವಜನಿಕರಿಗೆ 2019ರ ಮೇ ತಿಂಗಳ ಕೊನೆಗೆ ಮುಚ್ಚಿತು. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿಗಳಿಗೆ ಕಂಪನಿಯ ಸೇವೆಯೇ ನಿಂತಿತು. ಇನ್ನು ಮೇಲೆ ಕರೆ, ಸಂದೇಶಗಳನ್ನು ಕೂಡ ನೆಚ್ಚುವಂತಿಲ್ಲವೆಂದು ಅವರೇ ತಿಳಿಸಿದ್ದರು. ನೋಕಿಯಾದ ಮೇಲೂ ವಾಟ್ಸಾಪ್ 2017ರಲ್ಲಿಯೇ ಕೈಬಿಟ್ಟಿತ್ತು. ಆದರೆ ಸಾದಾ ಸಂದೇಶಕ್ಕೆ 2ಜಿ ಸಂಕೇತವೊಂದಿದ್ದರೆ ಸಾಕು, ಅದು ನಮ್ಮೂರಲ್ಲಿ ಸಿಗುತ್ತದೆ. ಅಕ್ಕ ಸೋಲೊಪ್ಪಿದಳು.

ಎರಡಕ್ಕೂ ಸಮನಾದ ಕೊರತೆಯೊಂದುಂಟು. ನಮ್ಮ ಈ ಎರಡರಲ್ಲೂ ಕನ್ನಡ ಅಕ್ಷರ ಬರೆಯಲು ಬರುವುದಿಲ್ಲ. ಯಾರಾದರೂ ಕನ್ನಡದಲ್ಲಿ ಕಳಿಸಿದರೆ ಸಾಲಾಗಿ ಚೌಕಗಳು ಕಾಣುತ್ತವೆ. ಆದ್ದರಿಂದ ತಂದೆಯವರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಾರೆ. ಒಂದು ಲಾಭವೂ ಇಲ್ಲದಿಲ್ಲ: ಆ ಲಿಪಿಯಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತದೆ, ಕನ್ನಡ ಲಿಪಿಯಾದರೆ 70 ಮಾತ್ರ.

ಕೊನೆಗೆ ಇ63 ಗೆದ್ದಿತು. ಅದು ಮೇಜಿನ ಮೇಲೆ ಜಾರದಂತೆ ಸೈಕಲ್ ಟ್ಯೂಬಿನ ತುಂಡನ್ನು ಅಡಿಗೆ ಹಾಸಿಕೊಟ್ಟು ನಾನು ಇಲ್ಲಿಗೆ ಹಿಂದಿರುಗಿದೆ. ನಾಲ್ಕನೆಯ ರಾತ್ರಿ ಅವರ ಮೊದಲ ಸಂದೇಶ ಬಂದಿತು: “ಊರ ಆಯಿತೆ.” ‘ಟಿ’ ಒತ್ತಲು ಹೋಗಿ ಪಕ್ಕದ ‘ಆರ್’ ಒತ್ತಿದ್ದರು. ಅಳಿಸುವ ಗುಂಡಿ ಬಲಗಡೆ ಇರುವುದರಿಂದ ಕೈ ಅಲ್ಲಿಗೆ ಹೋಗುವುದು ಕಷ್ಟ. ಕಳಿಸಿದ ಮೇಲೆ ತಪ್ಪು ಕಂಡಿರಬೇಕು. ಐದು ನಿಮಿಷದ ನಂತರ ಒಂದೇ ಪದದ ಇನ್ನೊಂದು ಸಂದೇಶ ಬಂದಿತು: “ಊಟ.” ನಾನು “ಆಯಿತು” ಎಂದು ಬರೆದೆ. ಊಟದ ಗಂಟೆ ಆಗ ಇನ್ನೂ ಹೊಡೆದಿರಲಿಲ್ಲ.

ಕರ್ವ್ ಮತ್ತೆ ಬೀರುವಿಗೆ ಹೋಗಿದೆಯೆಂದೇ ತಿಳಿದಿದ್ದೆ. ದೀಪಾವಳಿಗೆ ಹೋದಾಗ ನೋಡಿದರೆ ಅದು ತಂದೆಯವರ ದಿಂಬಿನ ಪಕ್ಕದಲ್ಲಿತ್ತು. ಅಭ್ಯಾಸಕ್ಕೆಂದು ಕೇಳಿ ತೆಗೆಸಿಕೊಂಡಿದ್ದರಂತೆ. ಬರೆದಿಡುವ ಪುಟವನ್ನು ಅಮ್ಮ ದಿನವೂ ತೆರೆದುಕೊಡುವಳಂತೆ. ಅವರು ಮಲಗಿದ ಮೇಲೆ ತೆಗೆದು ಓದಿದೆ. ‘ಎ ಎಸ್ ಡಿ ಎಫ್’, ‘ಎ ಎಸ್ ಡಿ ಎಫ್’ ಎಂದು ಸಾಲು ಸಾಲಾಗಿ, ಒಂದು ತಪ್ಪೂ ಇಲ್ಲದೆ ಇತ್ತು. ಎಲ್ಲಕ್ಕಿಂತ ಕೆಳಗೆ ಒಂದೇ ಒಂದು ಸಾಲು, ಬಲಗೈಯ ಅಕ್ಷರಗಳದು. ಅದರಲ್ಲಿ ತಪ್ಪು ಬಹಳ ಇದ್ದವು. ಯಾವ ಕೈಯಲ್ಲಿ ಬರೆದಿರೆಂದು ಬೆಳಿಗ್ಗೆ ನಾನು ಕೇಳಲಿಲ್ಲ. ಬ್ಯಾಟರಿ ಮುಗಿಯುತ್ತಾ ಬಂದಿತ್ತು, ಚಾರ್ಜಿಗೆ ಹಾಕಿ ಬಂದೆ.