ಮಾಡದಿದ್ದರೂ ನಡೆಯುವ ಕೆಲಸ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ತಿಕೋಟಾದ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಾನು ಸಿಡಿಲು ತಪ್ಪಿಸಿಕೊಳ್ಳುತ್ತಿದ್ದೆ. 'ಫೈನಲ್ ಫ್ಯಾಂಟಸಿ' ಸರಣಿಯ ಹತ್ತನೆಯ ಆಟದಲ್ಲಿ ಸದಾ ಸಿಡಿಲು ಬೀಳುವ ಒಂದು ಬಯಲಿದೆ. ಮಿಂಚು ಹೊಳೆದ ಕ್ಷಣಕ್ಕೇ ಬಟನ್ ಒತ್ತಿ ಪಕ್ಕಕ್ಕೆ ಜಿಗಿಯಬೇಕು. ಸತತ 200 ಸಿಡಿಲು ತಪ್ಪಿಸಿಕೊಂಡರೆ ಒಂದು ಲಾಂಛನ ಸಿಗುತ್ತದೆ. ಒಂದು ತಗುಲಿದರೂ ಲೆಕ್ಕ ಸೊನ್ನೆಯಿಂದ.

ನಾನು 143ರಲ್ಲಿದ್ದಾಗ ಬಬಲೇಶ್ವರದಿಂದ ಸೋದರಮಾವ ಬಂದರು. ಕೈಯಲ್ಲಿ ಒಂದು ಲಕೋಟೆ. ಒಳಗೆ ಹುಡುಗನ ಫೋಟೊ ಇರುವುದು ಮನೆಯವರಿಗೆಲ್ಲ ಗೊತ್ತಿತ್ತು. ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

"ಇದನ್ನ ಮಾಡದಿದ್ರ ಆಟ ಮುಗಿಯೂದಿಲ್ಲೇನ್ ಯವ್ವಾ?"

"ಮುಗೀತದ ಮಾಮಾ."

"ಮತ್ತ್ಯಾಕ?"

ಸಿಡಿಲು ಬಡಿಯಿತು.

ಈ ಸರಣಿ ಶುರುವಾದದ್ದು 1987ರಲ್ಲಿ, ಜಪಾನಿನಲ್ಲಿ. ಆಗ ಕಾಳಗವೆಲ್ಲ ಸರದಿಯ ಮೇಲೆ ನಡೆಯುತ್ತಿತ್ತು. ನಾವು ಯೋಚಿಸುವ ತನಕ ಶತ್ರು ಸುಮ್ಮನೆ ನಿಂತಿರುತ್ತಿದ್ದ. 1991ರ ನಾಲ್ಕನೆಯ ಆಟದಲ್ಲಿ ಕಾಲವೂ ಓಡತೊಡಗಿತು. ಪಟ್ಟಿಯಲ್ಲಿ ಮದ್ದು ಹುಡುಕುವಷ್ಟರಲ್ಲಿ ಅವನ ಏಟು ಬಿದ್ದಿರುತ್ತದೆ. 2001ರ ಹತ್ತನೆಯದು ಮತ್ತೆ ಯೋಚಿಸಲು ಬಿಟ್ಟಿತು, ಮುಂದೆ ಯಾರ ಸರದಿ ಎಂದೂ ತೋರಿಸಿತು. 2023ರ ಹದಿನಾರನೆಯದರಲ್ಲಿ ಸರದಿಯೇ ಇಲ್ಲ. ಆಡುವವರಿಗೆ ಯೋಚಿಸಲು ಎಷ್ಟು ಹೊತ್ತು ಕೊಡಬೇಕು ಎಂಬ ಒಂದೇ ಪ್ರಶ್ನೆಗೆ ಸರಣಿ ಮತ್ತೆ ಮತ್ತೆ ಮರಳಿದೆ.

ಇವುಗಳಲ್ಲೆಲ್ಲ ಕಥೆಗೆ ಬೇಡದ ಕಾಳಗಗಳೂ ಇರುತ್ತವೆ. 2006ರ ಹನ್ನೆರಡನೆಯ ಆಟದ ಯಾಜ್ಮಾಟ್ ಎಂಬ ಡ್ರ್ಯಾಗನ್‌ನ ಪ್ರಾಣಬಲ 5 ಕೋಟಿಗೂ ಹೆಚ್ಚು. ಕೆಡವಲು ಗಂಟೆಗಟ್ಟಲೆ ಬೇಕು. 1992ರ ಐದನೆಯ ಆಟದ ಒಮೆಗಾ ಎಂಬ ಯಂತ್ರವನ್ನು ಗೆದ್ದರೆ ಒಂದು ಪದಕ ಸಿಗುತ್ತದೆ. ಆ ಪದಕದಿಂದ ಶಕ್ತಿ ಹೆಚ್ಚುವುದಿಲ್ಲ, ಹೊಸ ದಾರಿ ತೆರೆಯುವುದಿಲ್ಲ. ಗೆದ್ದಿದ್ದಕ್ಕೆ ಗುರುತು, ಅಷ್ಟೆ.

ನನ್ನ ಪಿಎಚ್.ಡಿ.ಯೂ ಮನೆಯವರ ಕಣ್ಣಿಗೆ ಇಂಥದೇ. ಡಿಗ್ರಿ, ಬಿ.ಎಡ್., ಮದುವೆ: ಕಥೆ ಇಷ್ಟರಲ್ಲೇ ಮುಗಿಯುತ್ತಿತ್ತು. ಅದರೊಳಗೂ ನಾನು ಬೇಡದ ಇನ್ನೊಂದು ಅಧ್ಯಾಯ ತಗೊಂಡು ಕೂತಿದ್ದೇನೆ. ನನ್ನ ವಿಷಯ ಹಂತಿಯ ಹಾಡು. ಕಣದಲ್ಲಿ ಎತ್ತು ಹೂಡಿ ಜೋಳದ ತೆನೆ ತುಳಿಸುವಾಗ ರಾತ್ರಿಯೆಲ್ಲ ಹಾಡುತ್ತಿದ್ದ ಹಾಡುಗಳಿವು. ಈಗ ರಾಶಿಗೆ ಮಷಿನ್ ಬಂದಿದೆ. ಹಾಡು ಮುದುಕರ ನೆನಪಿನಲ್ಲಷ್ಟೇ ಉಳಿದಿದೆ. ಅಚ್ಚಾದ ಸಂಗ್ರಹಗಳೇ ಪದವಿಗೆ ಸಾಕು ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಆದರೂ ವಿಜಯಪುರದ ನನ್ನ ರೂಮಿನಿಂದ ರವಿವಾರ ರವಿವಾರ ಬಸ್ಸು ಹಿಡಿದು ತಿಕೋಟಾ, ಬಬಲೇಶ್ವರದ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತೇನೆ. ಫೆಲೋಶಿಪ್ ಮುಗಿದು ನಾಲ್ಕು ತಿಂಗಳಾಯಿತು. "ಮುಂದಿನ ವಾರ ಬಾ, ಪೂರಾ ಹಾಡ್ತೀನಿ" ಎಂದಿದ್ದ ಒಬ್ಬ ಅಜ್ಜನ ಮನೆಗೆ ನಾನು ಮೂರು ವಾರ ತಡವಾಗಿ ಹೋದೆ. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಅಜ್ಜ ಇರಲಿಲ್ಲ. ನಾನು ಸರದಿಯ ಆಟ ಆಡುತ್ತಿದ್ದೇನೆ ಅಂದುಕೊಂಡಿದ್ದೆ.

ಅವತ್ತು ಚಹಾ ಕುಡಿಯುವಾಗ ಮಾಮಾಗೆ ಕೇಳಿದೆ. ಹರೆಯದಲ್ಲಿ ಅವರು ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿ ಸಂಗ್ರಾಣಿ ಕಲ್ಲು ಎತ್ತುತ್ತಿದ್ದರು. ನಡು ಇವತ್ತಿಗೂ ನೋಯುತ್ತದೆ.

"ನೀವ್ಯಾಕ ಎತ್ತತಿದ್ರಿ ಮಾಮಾ? ಯಾರರ ಎತ್ತು ಅಂದಿದ್ರೇನು?"

"ಯಾರೂ ಅಂದಿದ್ದಿಲ್ಲ." ಬಸಿಯಲ್ಲಿದ್ದ ಚಹಾ ಮುಗಿಸಿದರು. "ಏಳತೈತೋ ಇಲ್ಲೋ ನನಗ ಗೊತ್ತಾಗಬೇಕಿತ್ತು."

ಮತ್ತೆ ಅವರು ನನ್ನ ಆಟದ ಮಾತೆತ್ತಲಿಲ್ಲ. ಲಕೋಟೆಯನ್ನೂ ವಾಪಸ್ ಒಯ್ಯಲಿಲ್ಲ, ಟಿ.ವಿ. ಮೇಲಿಟ್ಟು ಹೋದರು. ದೀಪಾವಳಿ ತನಕ ಉತ್ತರ ಹೇಳಬೇಕಂತೆ.

ಆ ಲಾಂಛನ ನನಗಿನ್ನೂ ಸಿಕ್ಕಿಲ್ಲ. ಮರುದಿನ ರವಿವಾರ. ರೆಕಾರ್ಡರಿಗೆ ಹೊಸ ಸೆಲ್ ಹಾಕಿ, ಏಳರ ಬಸ್ಸಿಗೆ ಹೊರಟೆ.