ನೆರೆ ಮತ್ತು ನೆರೆಯವರು

ಬೆಣ್ಣಿಹಳ್ಳದ ಹೆಸರಿನಲ್ಲಷ್ಟೇ ಬೆಣ್ಣೆ, ಗುಣದಲ್ಲಿಲ್ಲ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳನ್ನು ಹಾಯ್ದು ಮಲಪ್ರಭೆಯನ್ನು ಸೇರುವ ಈ ಹಳ್ಳ ಬೇಸಿಗೆಯಲ್ಲಿ ಇದೆಯೋ ಇಲ್ಲವೋ ಎಂಬಂತಿರುತ್ತದೆ. ಮಳೆಗಾಲದಲ್ಲಿ ಮಾತ್ರ, ನಮ್ಮಲ್ಲಿ ಹನಿ ಬೀಳದಿದ್ದರೂ ಮೇಲಿನ ಸೀಮೆಯ ನೀರನ್ನು ಹೊತ್ತು ತಂದು ದಾರಿ ಕಟ್ಟಿಬಿಡುತ್ತದೆ.

2019ರ ಆಗಸ್ಟ್ ತಿಂಗಳ ನೆರೆಯನ್ನು ನಮ್ಮ ಕಡೆಯವರಾರೂ ಮರೆತಿಲ್ಲ. ಆಗ ನಾನು ನವಲಗುಂದ ತಾಲೂಕಿನ ಒಂದು ಸಣ್ಣ ಶಾಲೆಯಲ್ಲಿದ್ದೆ. ರಜೆ ಎಂದು ತಿಳಿದೊಡನೆ ಮಕ್ಕಳಿಗೆ ಸುದ್ದಿ ಮುಟ್ಟಿಸುವ ಹೊಣೆ ನನ್ನದು. ಓಣಿಗೊಂದರಂತೆ ಆರು ಮನೆಗಳ ಫೋನ್ ನಂಬರ್ ಇಟ್ಟುಕೊಂಡಿದ್ದೆ. ನಾನು ಆ ಆರು ಮನೆಗೆ ಹೇಳಿದರೆ ಅಲ್ಲಿಯ ಮಕ್ಕಳು ಉಳಿದವರಿಗೆ ಹೇಳುವುದು. ಇದು ನನ್ನ ಜಾಣತನವೆಂದೇ ತಿಳಿದಿದ್ದೆ.

ಅಂದು ಬೆಳಿಗ್ಗೆ ಐದು ಮನೆಯವರು ಫೋನ್ ಎತ್ತಿದರು. ಆರನೆಯದು ಹಳ್ಳದಾಚೆಯ ಹೊಲದಮನೆ, ಫೋನ್ ಬಂದಾಗಿತ್ತು. ‘ರಾತ್ರಿಯೆಲ್ಲ ಕರೆಂಟ್ ಇಲ್ಲ, ಚಾರ್ಜ್ ಇರಲಿಕ್ಕಿಲ್ಲ. ಹಳ್ಳ ನೋಡಿದರೆ ಅವರೇ ತಿಳಿದುಕೊಳ್ಳುತ್ತಾರೆ’ ಎಂದುಕೊಂಡು ಒಲೆಯ ಕಡೆ ನಡೆದೆ. ಆದರೆ ಆ ಮನೆಯವರೆಲ್ಲ ಹಿಂದಿನ ದಿನವೇ ಅಣ್ಣಿಗೇರಿಗೆ ಹೋಗಿದ್ದರು. ಅವರ ಆಚೆಗೆ ಇನ್ನೂ ಮೂರು ಮನೆಗಳಿದ್ದವು, ನಾಲ್ಕು ಮಕ್ಕಳಿದ್ದರು. ಸುದ್ದಿ ಬರಲಿಲ್ಲವೆಂದರೆ ಶಾಲೆ ಇದೆ ಎಂದೇ ಅವರ ಲೆಕ್ಕ. ಪಾಟಿಚೀಲ ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟರು. ಪಂಪ್‌ಸೆಟ್ ಎತ್ತಿಡಲು ಬಂದಿದ್ದ ರೈತನೊಬ್ಬ ಕೂಗಿ ತಡೆಯುವ ಹೊತ್ತಿಗೆ, ಮುಂದಿದ್ದ ನಾಲ್ಕನೇ ಇಯತ್ತೆಯ ಹುಡುಗ ಮೊಣಕಾಲುಮಟ್ಟ ನೀರಿಗೆ ಇಳಿದಿದ್ದ. ಹೋದದ್ದು ಪಾಟಿಚೀಲವಷ್ಟೇ.

ಶಾಲೆ ಮತ್ತೆ ಶುರುವಾದಾಗ ಅವನ ತಾಯಿ ಬಂದಳು. ಜಗಳಕ್ಕೆ ನಿಲ್ಲಲಿಲ್ಲ. “ಅಕ್ಕೋರ, ಆಕಿ ಮನಿ ಹಿಂದ ನಾವೂ ಅದೀವಂತ ನಿಮಗ ಗೊತ್ತಿದ್ದಿಲ್ಲೇನ್ರೀ?” ಎಂದಳು. ನನಗೆ ಗೊತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ದೀಪಾವಳಿಗೆ ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಇಂಟರ್‌ನೆಟ್ಟಿನ ರೌಟರ್‌ಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ನನ್ನ ಕತೆ ಕೇಳಿ, “ದೊಡ್ಡವ್ವಾ, ನಮ್ಮ ಕೆಲಸದಾಗೂ ಇದ ತ್ರಾಸು” ಎಂದಳು.

ಅವಳು ಹೇಳಿದ್ದು ಇಷ್ಟು. ರೌಟರ್ ಎಂದರೆ ಸುದ್ದಿ ಹಾಯುವ ದಾರಿಯ ಕೂಡುರಸ್ತೆ. ಒಂದೇ ಸುದ್ದಿ ಸಾವಿರ ಮಂದಿಗೆ ಹೋಗಬೇಕಾದರೆ ಸಾವಿರ ಸಲ ಕಳಿಸುವುದಿಲ್ಲ. ಒಂದೇ ಪ್ರತಿ ಹೊರಟು, ಕಾಲುವೆಯ ನೀರಿನಂತೆ ಕವಲಿದ್ದಲ್ಲಿ ಒಡೆದು ಹೋಗುತ್ತದೆ. ಇದಕ್ಕೆ ಮಲ್ಟಿಕಾಸ್ಟ್ ಎನ್ನುತ್ತಾರೆ. ಸ್ಟೀವ್ ಡೀರಿಂಗ್ ಎಂಬವರು 1989ರಲ್ಲಿ ಇದರ ನಿಯಮ ಬರೆದರು. ಪಿಐಎಂ ಎಂಬ ಪದ್ಧತಿಯಲ್ಲಿ ರೌಟರ್‌ಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ನೆರೆಯವರಿಗೆ ‘ನಾ ಅದೀನಿ’ ಎಂದು ಹೇಳುತ್ತಿರುತ್ತವೆ. 105 ಸೆಕೆಂಡು ದನಿ ಕೇಳದಿದ್ದರೆ ಆ ನೆರೆಯವನು ಇಲ್ಲವೆಂದು ಲೆಕ್ಕ.

“ಅಷ್ಟೊತ್ತು ಕಾಯಾಕ ಆಗೂದಿಲ್ಲ ದೊಡ್ಡವ್ವಾ. 50 ಮಿಲಿಸೆಕೆಂಡಿನೊಳಗ ಬ್ಯಾರೆ ದಾರಿ ಹಿಡೀಬೇಕು” ಎಂದಳು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು! ದಾರಿ ಕಡಿದ ಮೇಲೆ ಯಾರ ಹಿಂದೆ ಯಾರಿದ್ದಾರೆಂದು ವಿಚಾರಿಸಲು ಸಮಯವೆಲ್ಲಿದೆ?

ಇನ್ನೊಂದು ತೊಡಕೂ ಇದೆ. ನೆರೆಯವನ ದನಿ ನಿಂತರೆ, ನಡುವಿನ ತಂತಿ ಕಡಿಯಿತೋ, ಅವನೇ ಇಲ್ಲವೋ? ತಂತಿ ಕಡಿದಿದ್ದರೆ ಬೇರೆ ದಾರಿಯಿಂದ ಅವನಿಗೇ ಮುಟ್ಟಿಸಬಹುದು. ಅವನೇ ಇಲ್ಲದಿದ್ದರೆ ಅವನನ್ನು ದಾಟಿ, ಅವನ ಆಚೆಯವರಿಗೆ ನೇರವಾಗಿ ಮುಟ್ಟಿಸಬೇಕು. ಬರೀ ಮೌನ ಕೇಳಿ ಇದು ತಿಳಿಯುವುದಿಲ್ಲ. ನಾನೂ ಆ ಬೆಳಿಗ್ಗೆ ಮನೆ ಖಾಲಿಯಿದ್ದದ್ದನ್ನು ಚಾರ್ಜ್ ಇಲ್ಲವೆಂದು ತಿಳಿದಿದ್ದೆ.

ಇದಕ್ಕೆಂದೇ 2016ರಲ್ಲಿ ಆರ್‌ಎಫ್‌ಸಿ 7715 ಎಂಬ ನಿಯಮ ಬಂದಿದೆಯಂತೆ. ಅದರಲ್ಲಿ ನಡುವಿನ ರೌಟರ್ ಎಲ್ಲ ಸರಿಯಿದ್ದಾಗಲೇ ತನ್ನ ಕೆಳಗಿನವರಿಗೆ, ‘ನನಗೆ ಸುದ್ದಿ ಕೊಡುವವರು ಇವರು’ ಎಂದು ಮೇಲಿನವರ ಗುರುತು ಹೇಳಿಡುತ್ತದೆ. ಕೆಳಗಿನವರು ಮೇಲಿನವರನ್ನು ಕಂಡು ತಮ್ಮ ಗುರುತು ಕೊಟ್ಟುಬರುತ್ತಾರೆ. ನಡುವಿನವನು ಬಿದ್ದ ದಿನ ಯಾರೂ ಯಾರನ್ನೂ ಹುಡುಕಬೇಕಾಗಿಲ್ಲ.

ರಜೆ ಮುಗಿದ ಮೇಲೆ ನಾನೊಂದು ವಹಿ ಮಾಡಿದೆ. ಆರೂ ಮಕ್ಕಳಿಗೆ, “ನೀವು ಯಾರ್ಯಾರಿಗೆ ಸುದ್ದಿ ಹೇಳತೀರಿ, ಅವರ ಮನಿಯವರನ್ನ ಒಮ್ಮೆ ನನ್ನ ಹತ್ತಿರ ಕಳಸ್ರಿ” ಎಂದೆ. ತಾಯಂದಿರು ಒಬ್ಬೊಬ್ಬರೇ ಬಂದರು. ಫೋನಿದ್ದವರು ನಂಬರ್ ಬರೆಸಿದರು. ಇಲ್ಲದವರು, ಕೂಗಿದರೆ ಯಾರ ಮನೆಯಿಂದ ಕೇಳುತ್ತದೆಂದು ಬರೆಸಿದರು. ಅದೇ ಊರಿನ ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದವಳು, ಯಾರ ಮನೆಯ ಹಿಂದೆ ಯಾರ ಮನೆ ಎಂಬುದನ್ನು ಆಗ ತಿಳಿದುಕೊಂಡೆ.

ಆ ಹಳ್ಳದಾಚೆಯ ಹುಡುಗಿ ವಹಿಯನ್ನು ತಿರುವಿಹಾಕಿ ನೋಡಿದಳು. ಮೇಲೆ ಬರೀ ನನ್ನದೊಂದೇ ಹೆಸರಿತ್ತು.

“ಅಕ್ಕೋರ, ಒಂದಿನ ನೀವ ಇರಲಿಲ್ಲಂದ್ರ ನಾವು ಯಾರನ್ನ ಕೇಳಬೇಕ್ರೀ?”

ಪೆನ್ನು ತೆಗೆದು, ನನ್ನ ಹೆಸರಿನ ಪಕ್ಕಕ್ಕೆ ಬಿಸಿಯೂಟದ ಅಡುಗೆಯವ್ವನ ಹೆಸರು, ನಂಬರ್ ಬರೆದೆ. ಸಂಜೆ ಅವಳ ಮನೆಗೆ ಹೋಗಿ, ಆ ವಹಿಯ ಇನ್ನೊಂದು ಪ್ರತಿ ಕೊಟ್ಟುಬಂದೆ.