ಒಂದೇ ಲೆನ್ಸು ಸಾಕೆಂದರೆ ಯಾವುದು?

ನಿವೃತ್ತಿಯ ನಂತರ ನಾನು ಕೈಗೆತ್ತಿಕೊಂಡ ಹವ್ಯಾಸಗಳಲ್ಲಿ ಛಾಯಾಗ್ರಹಣವೂ ಒಂದೆಂಬುದು ಈ ಪುಟಗಳನ್ನು ಓದುತ್ತ ಬಂದಿರುವ ನಿಮಗೆ ಗೊತ್ತೇ ಇದೆ. ಮಗಳು ಕೊಡಿಸಿದ ನಿಕಾನ್ ಝಡ್ 5 ಎಂಬ ಮಿರರ್‌ಲೆಸ್ ಕ್ಯಾಮೆರಾ ನನ್ನ ಬಳಿಗೆ ಬಂದು ಎರಡು ವರ್ಷವಾಗುತ್ತ ಬಂತು. ಅದರೊಡನೆ ಬಂದ ಪುಟ್ಟ ಲೆನ್ಸಿನ ಜಾಗಕ್ಕೆ ಇನ್ನೊಂದನ್ನು ತರಬೇಕೆಂದು ಈ ಮಳೆಗಾಲವೆಲ್ಲ ಲೆಕ್ಕ ಹಾಕಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದೇ ಪ್ರಶ್ನೆಯನ್ನು ನನಗೆ ಕೇಳಿರುವುದರಿಂದ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಗಣಿತದ ಮೇಷ್ಟರಿಗೆ ಉತ್ತರದಷ್ಟೇ ಬಿಡಿಸಿದ ಕ್ರಮವೂ ಮುಖ್ಯ ಎಂಬುದನ್ನು ನೀವು ಮರೆತಿರಲಾರಿರಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯಲ್ಲಿದ್ದದ್ದು ಒಂದು ಆಗ್ಫಾ ಕ್ಲಿಕ್ 3. ಒಂದು ರೀಲಿಗೆ 12 ಚಿತ್ರ. ಬಿಸಿಲು, ಮೋಡ ಎಂಬ ಎರಡೇ ಗುರುತು. ಮುಖ ದೊಡ್ಡದಾಗಿ ಬೇಕಾದರೆ ನಾವೇ ಹತ್ತಿರ ಹೋಗಬೇಕು, ಗುಂಪು ಹಿಡಿಸಬೇಕಾದರೆ ಹಿಂದೆ ಸರಿಯಬೇಕು. ನಿಂತಲ್ಲಿಂದಲೇ ಹತ್ತಿರ ದೂರ ಮಾಡುವ ಜೂಮ್ ಲೆನ್ಸು ಸ್ಥಿರಚಿತ್ರದ ಕ್ಯಾಮೆರಾಕ್ಕೆ ಬಂದದ್ದು 1959ರಲ್ಲಿ. ವಾಯ್ಟ್‌ಲೆಂಡರ್ ಸಂಸ್ಥೆಯ ಆ ‘ಜೂಮಾರ್’ ಲೆನ್ಸಿನ ಸಂಗಮದೂರ 36ರಿಂದ 82 ಮಿ.ಮೀ. ಇಂದಿಗೂ ‘ಸ್ಟ್ಯಾಂಡರ್ಡ್ ಜೂಮ್’ ಎಂದು ಕರೆಯುವುದು ಹೆಚ್ಚುಕಡಿಮೆ ಇದೇ ವ್ಯಾಪ್ತಿಯನ್ನು. ಅಗಲದ ತುದಿ ಸ್ವಲ್ಪ ಚಾಚಿಕೊಂಡಿದೆ, ಅಷ್ಟೆ. ಸಂಗಮದೂರ ಕಡಿಮೆಯಾದಷ್ಟೂ ನೋಟ ಅಗಲವಾಗುತ್ತದೆ, ಹೆಚ್ಚಾದಷ್ಟೂ ವಸ್ತು ಹತ್ತಿರ ಬರುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಇಷ್ಟು ವಯಸ್ಸಾದ ಮೇಲೆ ನನಗೇಕೆ ಹೊಸ ಲೆನ್ಸು ಎಂದು ನಿಮ್ಮಲ್ಲಿ ಕೆಲವರಾದರೂ ಕೇಳುವಿರಿ. ನಮ್ಮ ಅಮ್ಮನ ಒಂದು ಒಳ್ಳೆಯ ಭಾವಚಿತ್ರ ನಮ್ಮಲ್ಲಿಲ್ಲ. ಇರುವುದು ಅಣ್ಣನ ಮದುವೆಯ ಗುಂಪುಚಿತ್ರ. ಅದರ ಎರಡನೆಯ ಸಾಲಿನ ಕೊನೆಯಲ್ಲಿ ಹೆಸರುಕಾಳಿನಷ್ಟು ಮುಖ. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೇವೆ. ದೊಡ್ಡದಾದಷ್ಟೂ ಕಣ್ಣು, ಬಾಯಿ ಕರಗಿ ಬರಿಯ ಕಲೆಯಾಗಿದೆ. ಅಮ್ಮನ ಪೀಳಿಗೆಯಲ್ಲಿ ಈಗ ಉಳಿದವರು ಮೂವರು: 91ರ ಚಿಕ್ಕಮ್ಮ, 88ರ ಸೋದರತ್ತೆ, 87ರ ಸೋದರಮಾವ. ಇವರ ಮುಖಗಳನ್ನಾದರೂ ಸರಿಯಾಗಿ ಉಳಿಸಿಕೊಳ್ಳಬೇಕು. ಅದಕ್ಕೆ ಹೆಚ್ಚು ವರ್ಷಗಳ ಅವಕಾಶವಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಗೆ ಹೋಗುವ ಮೊದಲು ಮೊಮ್ಮಗನನ್ನು ಕೂರಿಸಿಕೊಂಡು ಒಂದು ಕೆಲಸ ಮಾಡಿದೆ. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಒಡಲಲ್ಲಿಯೇ ಸಂಗಮದೂರ, ಶಟರಿನ ವೇಗ ಮೊದಲಾದವನ್ನು ಬರೆದಿಡುತ್ತದೆ. ಎರಡು ವರ್ಷದ ಚಿತ್ರಗಳನ್ನು ಸಂಗಮದೂರದ ಪ್ರಕಾರ ವಿಂಗಡಿಸಿದೆವು. ನನ್ನ ಪುಟ್ಟ ಲೆನ್ಸಿನ ವ್ಯಾಪ್ತಿ 24ರಿಂದ 50. ಅರ್ಧಕ್ಕಿಂತ ಹೆಚ್ಚು ಚಿತ್ರಗಳು 50ರಲ್ಲೇ ಇದ್ದವು. ಉಳಿದವುಗಳಲ್ಲಿ ಬಹುಪಾಲು 24ರಲ್ಲಿ. ಅಂದರೆ ಕೈ ಇನ್ನೂ ಮುಂದೆ ತಿರುಗಿಸಲು ಹೋಗಿ ಉಂಗುರ ತಡೆದು ನಿಂತಿದೆ. ನನಗೆ ಏನು ಬೇಕೆಂದು ಯಾವ ವಿಮರ್ಶೆಯೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಲೆನ್ಸು ಕೊಳ್ಳುವವರು ಈ ವಿಂಗಡಣೆಯನ್ನು ಮೊದಲು ಮಾಡಿರಿ, ಖರ್ಚಿಲ್ಲದ ಕೆಲಸ.

ಇನ್ನು ಅಗಲದ ತುದಿ. ಕೆಲವು ಜೂಮ್‌ಗಳು 24ರಿಂದ, ಕೆಲವು 28ರಿಂದ ಆರಂಭವಾಗುತ್ತವೆ. ನಾಲ್ಕೇ ಮಿ.ಮೀ. ಎಂದು ಉಪೇಕ್ಷಿಸಬೇಡಿ. ನನ್ನ ಕ್ಯಾಮೆರಾದ ಸೆನ್ಸರಿನ ಅಗಲ ಸುಮಾರು 36 ಮಿ.ಮೀ. ತ್ರಿಭುಜಗಳ ಸಾಮ್ಯವನ್ನು ನೆನಪಿಸಿಕೊಳ್ಳಿ: 4 ಮೀಟರು ದೂರದಲ್ಲಿ ನಿಂತರೆ 24ರಲ್ಲಿ 6 ಮೀಟರು ಅಗಲ ಹಿಡಿಸುತ್ತದೆ, 28ರಲ್ಲಿ ಸುಮಾರು 5.1 ಮೀಟರು. ಆ 90 ಸೆಂಟಿಮೀಟರಿನಲ್ಲಿ ಇಬ್ಬರು ಮನುಷ್ಯರು ನಿಲ್ಲುತ್ತಾರೆ. ಹಿಂದೆ ಗೋಡೆಯಿದ್ದು ಸರಿಯಲು ಜಾಗವಿಲ್ಲದ ನಮ್ಮ ಜಗಲಿಗಳಲ್ಲಿ, ಸಾಲಿನ ಕೊನೆಯಲ್ಲಿ ನಿಂತವರು ಉಳಿಯುವುದೂ ಕತ್ತರಿಸಿ ಹೋಗುವುದೂ ಇದರಿಂದಲೇ.

ಇನ್ನೊಂದು ತುದಿಗೆ ಬರೋಣ. ಚಿಕ್ಕಮ್ಮ ಕ್ಯಾಮೆರಾ ಹತ್ತಿರ ಬಂದೊಡನೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಗಿಯಾಗಿ ಕೂತುಬಿಡುತ್ತಾರೆ. ಮೂರು ಮೀಟರು ದೂರದಲ್ಲಿ ಕಂಬಕ್ಕೆ ಒರಗಿ ಅದೂ ಇದೂ ಮಾತಾಡುತ್ತಿದ್ದರೆ ಐದು ನಿಮಿಷದಲ್ಲಿ ಕ್ಯಾಮೆರಾ ಮರೆತೇಹೋಗುತ್ತದೆ. ಅಷ್ಟು ದೂರದಿಂದ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ 50ರಲ್ಲಿ 2 ಮೀಟರಿಗಿಂತ ಹೆಚ್ಚು ಎತ್ತರ ಬರುತ್ತದೆ. ಚಿಕ್ಕಮ್ಮನಿಗಿಂತ ಬಾಗಿಲವಾಡವೇ ದೊಡ್ಡದಾಗಿ ಕಾಣುತ್ತದೆ. 70ರಲ್ಲಿ ಒಂದೂವರೆ ಮೀಟರು. 120ರಲ್ಲಿ 90 ಸೆಂಟಿಮೀಟರು, ಅಂದರೆ ಕುಳಿತವರ ತಲೆಯಿಂದ ಮಡಿಲಲ್ಲಿಟ್ಟ ಕೈಗಳವರೆಗೆ. 70ರಲ್ಲಿ ತೆಗೆದು ಆಮೇಲೆ ಕತ್ತರಿಸಬಹುದಲ್ಲ ಎಂದರೆ, ಕತ್ತರಿಸಬಹುದು. ಆದರೆ 24 ಮೆಗಾಪಿಕ್ಸೆಲ್ಲಿನ ಚಿತ್ರದಲ್ಲಿ ಸುಮಾರು 8 ಮಾತ್ರ ಉಳಿಯುತ್ತದೆ. ಮೂಗು ಉಬ್ಬಿ ಕಿವಿ ಸಣ್ಣದಾಗಿ ಕಾಣುವ ದೋಷವೂ ದೂರ ನಿಂತರೆ ಇರುವುದಿಲ್ಲ. ಅದು ಲೆನ್ಸಿನ ದೋಷವಲ್ಲ, ತೀರ ಹತ್ತಿರ ಹೋದುದರ ಫಲ.

ಮೂರನೆಯದು ಬೆಳಕು. ಎಫ್ ಸಂಖ್ಯೆಯೆಂದರೆ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದ ಲಬ್ಧ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ ಎಫ್ 4ರಲ್ಲಿ ಒಳಬರುವ ಬೆಳಕು ಎಫ್ 2.8ರ ಅರ್ಧ, ಎಫ್ 6.3ರಲ್ಲಿ ಐದರಲ್ಲಿ ಒಂದು ಪಾಲು. ಒಳಅಂಗಳದಿಂದ ಬರುವ ಬೆಳಕೇ ಆಧಾರವಾದ, ಹೊಗೆ ಹಿಡಿದ ತೊಲೆಗಳ ಹಳೆಯ ಮನೆಗಳಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಫ್ಲ್ಯಾಷ್ ಹಾಕಿದರೆ ಚಿಕ್ಕಮ್ಮ ಕಣ್ಣು ಮುಚ್ಚಿಬಿಡುತ್ತಾರೆ.

ಹಾಗಾದರೆ ಎಫ್ 2.8 ಅನಿವಾರ್ಯವೆ? ಇಲ್ಲಿ ಎರಡು ಬಗೆಯ ಅಲುಗಾಟಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಹಿಡಿದವರ ಕೈ ನಡುಗುವುದು. ನನ್ನ ಕ್ಯಾಮೆರಾದ ಒಡಲಲ್ಲಿ ಸೆನ್ಸರನ್ನೇ ಆ ನಡುಕಕ್ಕೆ ವಿರುದ್ಧವಾಗಿ ಸರಿಸಿ ಚಿತ್ರವನ್ನು ನಿಲ್ಲಿಸುವ ವ್ಯವಸ್ಥೆಯಿದೆ. ಎಪ್ಪತ್ತು ದಾಟಿದ ನನ್ನ ಕೈಗೆ ಅದೊಂದು ಊರುಗೋಲು. ಎರಡನೆಯದು, ಎದುರಿಗಿರುವವರು ಚಲಿಸುವುದು. ಇದಕ್ಕೆ ಆ ವ್ಯವಸ್ಥೆ ಏನೂ ಮಾಡಲಾರದು. ಶಟರಿನ ವೇಗವೇ ಬೇಕು, ವೇಗಕ್ಕೆ ಬೆಳಕು ಬೇಕು. ಯಕ್ಷಗಾನದ ವೇಷಧಾರಿ ದಿಗಿಣ ಹೊಡೆಯುವಾಗ ಸೆಕೆಂಡಿನ 250ನೆಯ ಒಂದು ಭಾಗವೂ ಸಾಲದೆ ಹೋಗಬಹುದು. ಆದರೆ 91 ವರ್ಷದ ಚಿಕ್ಕಮ್ಮ ದಿಗಿಣ ಹೊಡೆಯುವುದಿಲ್ಲ. ಬತ್ತಿ ಹೊಸೆಯುತ್ತ ಕುಳಿತವರಿಗೆ 60ನೆಯ ಅಥವಾ 100ನೆಯ ಒಂದು ಭಾಗ ಸಾಕು. ಎಫ್ 4ರಲ್ಲಿ ಐಎಸ್ಒ 3200ಕ್ಕೆ ಏರಿಸಿದರೂ ಇಂದಿನ ದೊಡ್ಡ ಸೆನ್ಸರಿನಲ್ಲಿ ಮುಖ ಚೆನ್ನಾಗಿಯೇ ಬರುತ್ತದೆ.

ಈ ಮೂರು ಅಳತೆಗೋಲುಗಳನ್ನು ಹಿಡಿದು ನಿಕಾನಿನ ಐದು ಲೆನ್ಸುಗಳನ್ನು ನೋಡಿದೆ. 24–70 ಎಫ್ 4, ತೂಕ 500 ಗ್ರಾಂ: ಹಗುರ, ಆದರೆ ನನ್ನ ಕೈಗೆ 70 ಸಾಲದು. 2019ರ 24–70 ಎಫ್ 2.8, 805 ಗ್ರಾಂ: ಬೆಳಕಿಗೆ ರಾಜ, ಆದರೆ 675 ಗ್ರಾಮಿನ ಕ್ಯಾಮೆರಾ ಸೇರಿದರೆ ಒಂದೂವರೆ ಕಿಲೋ. 28–75 ಎಫ್ 2.8, 565 ಗ್ರಾಂ: ಬೆಳಕೂ ಉಂಟು, ತೂಕವೂ ಮಿತ, ಆದರೆ ಜಗಲಿಯ ಇಬ್ಬರನ್ನು ಬಿಟ್ಟುಕೊಡಬೇಕು. 24–200, 570 ಗ್ರಾಂ: ಪ್ರವಾಸಕ್ಕೆ ಬಲು ಅನುಕೂಲ, ಆದರೆ ದೂರದ ತುದಿಯಲ್ಲಿ ಎಫ್ 6.3. ಕೊನೆಯದು 24–120 ಎಫ್ 4, 630 ಗ್ರಾಂ. ಎಲ್ಲ ಸಂಗಮದೂರಗಳಲ್ಲೂ ಒಂದೇ ಎಫ್ 4. 35 ಸೆಂಟಿಮೀಟರಿನಷ್ಟು ಹತ್ತಿರ ಹೋಗುವುದರಿಂದ ಹಳೆಯ ಪತ್ರ, ಜಾತಕ, ಕೈಬಳೆಗಳನ್ನೂ ತೆಗೆಯಬಹುದು. ನನ್ನ ಆಯ್ಕೆ ಇದೇ. ಮುಂಗಡ ಕೊಟ್ಟು ಬಂದಿದ್ದೇನೆ.

ನಿಮ್ಮ ಉತ್ತರ ಬೇರೆಯಿರಬಹುದು. ಮನೆಯಲ್ಲಿ ಓಡಾಡುವ ಮಕ್ಕಳಿದ್ದರೆ, ರಾತ್ರಿಯ ಆಟಗಳನ್ನು ತೆಗೆಯುವವರಾದರೆ ಎಫ್ 2.8ನ್ನೇ ಕೊಳ್ಳಿ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾ ಇದ್ದವರು ಲೆನ್ಸಿನ ಮೇಲಿನ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಿಕೊಳ್ಳಿ. ಕ್ಯಾನನ್ ಆದರೆ 1.6. ಆಗ 18–55 ಎಂಬುದು ಸುಮಾರು 27–82 ಆಗುತ್ತದೆ, 16–50 ಎಂಬುದು 24–75. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಅಂಥದ್ದನ್ನು ಮುಟ್ಟಬೇಡಿ. ಮಲೆನಾಡಿನವರು ಹೊಸತನ್ನೂ ಮಳೆಗಾಲದಲ್ಲಿ ಬೀರುವಿನಲ್ಲಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ದೀಪಾವಳಿಯ ವಾರ ತೀರ್ಥಹಳ್ಳಿ ಕಡೆಗೆ ಹೊರಟಿದ್ದೇನೆ. ಅಲ್ಲಿರುವ ಬಂಧುಗಳಲ್ಲಿ ಒಂದು ವಿನಂತಿ: ಹಿರಿಯರಿಗೆ ಮುಂಚಿತವಾಗಿ ಹೇಳಿ ರೇಷ್ಮೆ ಸೀರೆ ಉಡಿಸಿ ಕೂರಿಸಬೇಡಿ. ಅವರು ದಿನವೂ ಕೂರುವ ಜಾಗದಲ್ಲಿ, ದಿನವೂ ಮಾಡುವ ಕೆಲಸ ಮಾಡುತ್ತಿರಲಿ. ತೆಗೆದ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಬೆನ್ನಿಗೆ ಹೆಸರು, ಊರು, ದಿನಾಂಕ ಬರೆದು ಪ್ರತಿ ಮನೆಗೂ ಒಂದೊಂದು ಪ್ರತಿಯನ್ನು ನಾನೇ ತಲುಪಿಸುತ್ತೇನೆ.